ಯಾರ ಖರ್ಚಿನಲ್ಲಿ ಶಾಂತಿ?



ಧಮ್ಮ ಬಂಧುಗಳೇ, ಇಂದಿನ ಚಿಂತನೆ ದಸರಾ ರಜೆಯ ಬಗ್ಗೆ. ಶಾಲೆಗೆ ರಜೆ ಬಿಟ್ಟ ಕೂಡಲೇ ನಮ್ಮಂಥ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಗಂಡ ಹೆಂಡತಿ ಇಬ್ಬರೂ ದೀಕ್ಷೆ ತಗೊಂಡವರು. ಹೆತ್ತವರು, ಅಣ್ಣತಮ್ಮಂದಿರು ತಗೊಂಡಿಲ್ಲ. ಹಬ್ಬಕ್ಕೆ ಊರಿಗೆ ಹೋದರೆ ಅಲ್ಲಿ ಘಟ, ದೀಪ, ನೈವೇದ್ಯ. ಕೈ ಮುಗಿದರೆ ಪ್ರತಿಜ್ಞೆಗೆ ಭಂಗ, ಮುಗಿಯದಿದ್ದರೆ ಮನೆಯ ಶಾಂತಿಗೆ ಭಂಗ. ಊರಿಗೇ ಹೋಗದಿದ್ದರೆ ಅವ್ವನ ಕಣ್ಣೀರು. ಈ ಪ್ರಶ್ನೆಗೆ ನಾನು ಬಹಳ ವರ್ಷ ಒಂದು ಸುಲಭದ ಉತ್ತರ ಇಟ್ಟುಕೊಂಡಿದ್ದೆ. ಅದು ತಪ್ಪು ಅಂತ ಈ ಸಲದ ರಜೆಯಲ್ಲಿ ಗೊತ್ತಾಯಿತು. ಅದನ್ನು ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಸಂಸಾರ ಗೋಕಾಕದಲ್ಲಿ. ನನ್ನ ಊರು ಮೂಡಲಗಿ ತಾಲ್ಲೂಕಿನ ಒಂದು ಹಳ್ಳಿ. ಅವ್ವ ಅಲ್ಲಿ ತಮ್ಮನ ಸಂಗಡ ಇದ್ದಾಳೆ. ನನ್ನ ಹೆಂಡತಿಯ ತವರು ಹುಕ್ಕೇರಿ ಕಡೆ. ಪ್ರತಿ ದಸರಾಕ್ಕೂ ಮೊದಲು ಅವ್ವನ ಮನೆ, ಆಮೇಲೆ ತವರುಮನೆ. ನಾವಿಬ್ಬರೂ ನಾಗಪುರದ ದೀಕ್ಷಾಭೂಮಿಗೆ ಹೋಗಿ ಬಂದು ಹನ್ನೆರಡು ವರ್ಷವಾಯಿತು. ಈ ಹನ್ನೆರಡು ವರ್ಷವೂ ಅವ್ವನ ಜಗಲಿಯ ಮುಂದೆ ನಾನು ಕೈ ಮುಗಿದೆ. ಮನಸ್ಸಿನಲ್ಲಿ ತ್ರಿಶರಣ ಹೇಳಿಕೊಳ್ಳುತ್ತಿದ್ದೆ. ಅದನ್ನು ಸಹನೆ ಅಂತ ಕರೆಯುತ್ತಿದ್ದೆ.

ಈ ಸಲ ಅವ್ವನಿಗೆ ಮೊಣಕಾಲು ನೋವು ಜೋರಾಗಿತ್ತು. ಮುಂಜಾನೆ ನನ್ನ ಹೆಂಡತಿಯನ್ನು ಕರೆದು, "ಯವ್ವಾ, ಹಿರೇ ಸೊಸಿ ನೀ. ಈ ಸಲ ಪಡ್ಡಲಗಿ ನೀನ ತುಂಬಿಸು" ಅಂದಳು. ಯಲ್ಲಮ್ಮನ ಒಕ್ಕಲಿನ ಮನೆಗಳಲ್ಲಿ ಪಡ್ಡಲಗಿ ತುಂಬಿಸುವುದು ಅಂದರೇನು ಅಂತ ಈ ಭಾಗದವರಿಗೆ ಹೇಳಬೇಕಾಗಿಲ್ಲ. ಮಾಡಿದ ಅಡಿಗೆಯನ್ನೆಲ್ಲ ಬುಟ್ಟಿಯಲ್ಲಿಟ್ಟು, ತಾಯಿಯ ಹೆಸರಿನಲ್ಲಿ ಉಧೋ ಅನ್ನಬೇಕು. ಆಕೆ ಏನೂ ಮಾತಾಡಲಿಲ್ಲ. ಹಿತ್ತಲಿಗೆ ಬಂದಳು. ನಾನೂ ಹಿಂದೆ ಹೋದೆ.

"ಒಂದ ದಿನದ ಮಾತ. ಮನಸಿನ್ಯಾಗ ಬುದ್ಧನ್ನ ನೆನಸಕೋತ ಮಾಡಿಬಿಡು. ಅವ್ವ ಇನ್ನ ಎಷ್ಟ ವರ್ಷ ಇರತಾಳ? ಮನಿಯೊಳಗ ಶಾಂತಿ ಇರಲಿ" ಅಂದೆ.

ಆಕೆ ಹೇಳಿದ ಮಾತು ಹೀಗಿತ್ತು: "ಶಾಂತಿ ಬೇಕಾಗಿದ್ದು ನಿಮಗರಿ. ಅದರ ರೊಕ್ಕ ನಾ ಯಾಕ ಕೊಡಬೇಕು? ನೀವು ಪಡಸಾಲ್ಯಾಗ ಕುಂತು ಚಾ ಕುಡೀತೀರಿ. ಬುಟ್ಟಿ ಹಿಡಿಯಾಕಿ ನಾ. ನಮ್ಮ ದೊಡ್ಡವ್ವನ ಕೊರಳಾಗ ಏನ ಕಟ್ಟಿದ್ರು ಅನ್ನೂದು ನಿಮಗ ಗೊತ್ತೈತಿ. ಆ ಹೆಸರಲೆ ನಾ ಉಧೋ ಅನ್ನಂಗಿಲ್ಲ. ಅತ್ತಿಗಿ ಇದನ್ನ ತಿಳಿಸಿ ಹೇಳೂದು ನಿಮ್ಮ ಕೆಲಸ ಇತ್ತು. ಹನ್ನೆರಡ ವರ್ಷದಾಗ ಒಮ್ಮಿನೂ ಹೇಳಿಲ್ಲ."

ನಿಜ, ಹೇಳಿರಲಿಲ್ಲ. ನಾವು ನಾಗಪುರಕ್ಕೆ ಜಾತ್ರೆಗೆ ಹೋಗಿ ಬಂದೆವು ಅಂತ ಅವ್ವ ತಿಳಿದಿದ್ದಳು. ತಂದುಕೊಟ್ಟ ಬುದ್ಧನ ಮೂರ್ತಿಯನ್ನು ತನ್ನ ಜಗಲಿಯಲ್ಲೇ ಯಲ್ಲಮ್ಮನ ಮಗ್ಗುಲಿಗೆ ಇಟ್ಟು ಕುಂಕುಮ ಹಚ್ಚಿದ್ದಳು. ನಾನು ಸುಮ್ಮನಿದ್ದೆ. ಕನ್ನಡ ಎಂ.ಎ. ಮಾಡಿದವನು, ದಿನಾ ಮಕ್ಕಳಿಗೆ ಪಾಠ ಹೇಳುವವನು, ಹೆತ್ತ ತಾಯಿಗೆ ನಾಲ್ಕು ಮಾತು ಹೇಳಲು ಅಂಜಿದ್ದೆ.

ಆ ದಿನ ಪಡ್ಡಲಗಿಯನ್ನು ತಮ್ಮನ ಹೆಂಡತಿ ತುಂಬಿಸಿದಳು. ಅವ್ವ ಹಿರೇ ಸೊಸೆಯ ಕೂಡ ಮಾತು ಬಿಟ್ಟಳು. ವಿಜಯದಶಮಿಯ ಸಂಜೆ ಬನ್ನಿ ಕೊಡುವಾಗಲೂ ಮುಖ ನೋಡಲಿಲ್ಲ. ಮರುದಿನ ನಾವು ಹುಕ್ಕೇರಿಯ ದಾರಿ ಹಿಡಿದೆವು.

ಗೋಕಾಕದಲ್ಲಿ ಬಸ್ ಬದಲಿಸಿ ಘಟಪ್ರಭಾ ದಾಟುವವರೆಗೆ ಇಬ್ಬರೂ ಮಾತಾಡಲಿಲ್ಲ. ಎರಡೂ ಕಡೆ ಆಳೆತ್ತರದ ಕಬ್ಬು. ನನಗೆ ಸಿಗಾಲೋವಾದ ಸುತ್ತ ನೆನಪಾಯಿತು. ನಮ್ಮ ಅಧ್ಯಯನ ಬಳಗದಲ್ಲಿ ಅದನ್ನು ಓದಿದ್ದೇವೆ. ರಾಜಗೃಹದ ಸಿಗಾಲನೆಂಬ ಗೃಹಸ್ಥನ ಮಗ ಬೆಳಗಾಗುತ್ತಲೇ ಮಿಂದು, ಒದ್ದೆ ಬಟ್ಟೆಯಲ್ಲೇ ನಿಂತು ಆರು ದಿಕ್ಕಿಗೂ ಕೈ ಮುಗಿಯುತ್ತಿದ್ದ. ಭಗವಾನರು ಯಾಕೆ ಅಂತ ಕೇಳಿದರು. ಸಾಯುವಾಗ ಅಪ್ಪ ಹೇಳಿದ್ದ, ಅದಕ್ಕೆ, ಅಂದ. ಭಗವಾನರು ಅವನನ್ನು ನಗಲಿಲ್ಲ, ಅವನ ಅಪ್ಪನನ್ನು ಹಳಿಯಲಿಲ್ಲ. ಹಾಗಂತ ಅವನ ಪಕ್ಕ ನಿಂತು ತಾವೂ ದಿಕ್ಕಿಗೆ ಕೈ ಮುಗಿಯಲಿಲ್ಲ. ದಿಕ್ಕುಗಳಿಗೆ ಬೇರೆ ಅರ್ಥ ಹೇಳಿಕೊಟ್ಟರು. ಪೂರ್ವ ಅಂದರೆ ತಾಯಿ ತಂದೆ, ದಕ್ಷಿಣ ಗುರುಗಳು, ಪಶ್ಚಿಮ ಮಡದಿ, ಉತ್ತರ ಗೆಳೆಯರು, ಕೆಳಗಿನ ದಿಕ್ಕು ದುಡಿಯುವ ಆಳುಗಳು, ಮೇಲಿನ ದಿಕ್ಕು ಶ್ರಮಣರು. ಒಬ್ಬೊಬ್ಬರಿಗೂ ಸಲ್ಲಬೇಕಾದ್ದನ್ನು ಸಲ್ಲಿಸುವುದೇ ದಿಕ್ಕಿನ ಪೂಜೆ. ಮಡದಿಗೆ ಸಲ್ಲಬೇಕಾದದ್ದರಲ್ಲಿ ಮೊದಲನೆಯದು ಗೌರವ, ಎರಡನೆಯದು ಅವಳನ್ನು ಕೀಳಾಗಿ ಕಾಣದಿರುವುದು.

ಪೂರ್ವಕ್ಕೆ ಮುಖ ಮಾಡಿ ನಿಂತವನ ಬೆನ್ನು ಪಶ್ಚಿಮಕ್ಕಿರುತ್ತದೆ. ನಾನು ಹನ್ನೆರಡು ವರ್ಷ ಹಾಗೆ ನಿಂತಿದ್ದೆ. ಅವ್ವನಿಗೂ ಅಲ್ಲಿ ಸಲ್ಲಬೇಕಾದದ್ದು ಸಂದಿರಲಿಲ್ಲ, ಯಾಕಂದರೆ ಅವಳಿಗೆ ಸಿಕ್ಕಿದ್ದು ಸುಳ್ಳು.

ಹುಕ್ಕೇರಿ ಕಡೆಯ ಆ ಊರಿನಲ್ಲಿ ನನ್ನ ಹೆಂಡತಿಯ ದೊಡ್ಡವ್ವ ಇದ್ದಾರೆ. ಎಪ್ಪತ್ತು ದಾಟಿದ ಜೀವ. ಸಣ್ಣ ಹುಡುಗಿಯಿದ್ದಾಗ ಅವರಿಗೆ ಮುತ್ತು ಕಟ್ಟಿದರು. ನಮ್ಮ ಜಿಲ್ಲೆ ಮೊದಲು ಮುಂಬೈ ಪ್ರಾಂತ್ಯದಲ್ಲಿತ್ತು. ದೇವದಾಸಿ ಬಿಡುವುದನ್ನು ತಡೆಯುವ ಕಾಯ್ದೆ ಆ ಪ್ರಾಂತ್ಯದಲ್ಲಿ 1934ರಲ್ಲೇ ಬಂದಿತ್ತು. ಕಾಯ್ದೆ ಕಾಗದದಲ್ಲಿತ್ತು, ಮುತ್ತು ಕೊರಳಲ್ಲಿತ್ತು. ಕರ್ನಾಟಕ 1982ರಲ್ಲಿ ತನ್ನ ಕಾಯ್ದೆ ಮಾಡುವ ಹೊತ್ತಿಗೆ ದೊಡ್ಡವ್ವನ ಹರೆಯ ಮುಗಿದುಹೋಗಿತ್ತು. ಹುಕ್ಕೇರಿಯಿಂದ ಸಂಕೇಶ್ವರ ದಾಟಿದರೆ ನಿಪ್ಪಾಣಿ. ಬಾಬಾಸಾಹೇಬರು 1925ರಲ್ಲೇ ಅಲ್ಲಿಗೆ ಬಂದು ನಮ್ಮವರ ಪರಿಷತ್ತಿನಲ್ಲಿ ಮಾತಾಡಿ ಹೋದರು. ಅಷ್ಟು ಹತ್ತಿರ ಬಂದ ಬೆಳಕು ದೊಡ್ಡವ್ವನ ಮನೆ ಮುಟ್ಟಲು ಇನ್ನೂ ಎಷ್ಟೋ ವರ್ಷ ಹಿಡಿಯಿತು.

ಅದೇ ದೊಡ್ಡವ್ವ ಇವತ್ತಿಗೂ ದಿನಾ ಯಲ್ಲಮ್ಮನಿಗೆ ದೀಪ ಹಚ್ಚುತ್ತಾರೆ. ಅವರ ಗೋಡೆಯ ಮೇಲೆ ಯಲ್ಲಮ್ಮನ ಫೋಟೋ, ಅದರ ಮಗ್ಗುಲಿಗೆ ಬಾಬಾಸಾಹೇಬರ ಫೋಟೋ. ಸಂಜೆ ಅವರ ಕೈ ನಡುಗುತ್ತಿತ್ತು. ನನ್ನ ಹೆಂಡತಿ ದೀಪಕ್ಕೆ ಎಣ್ಣೆ ಹಾಕಿಕೊಟ್ಟಳು, ಬತ್ತಿ ಹೊಸೆದುಕೊಟ್ಟಳು. ದೀಪ ಹಚ್ಚಿದ್ದು ದೊಡ್ಡವ್ವ.

ರಾತ್ರಿ ನಾನು ಕೇಳಿದೆ. "ಅಲ್ಲಿ ಬುಟ್ಟಿ ಹಿಡಿಯಾಕ ಒಲ್ಲೆ ಅಂದಿ. ಇಲ್ಲಿ ಎಣ್ಣಿ ಹಾಕಿದಿ. ಇದು ಹೆಂಗ?"

"ದೊಡ್ಡವ್ವಗ ಕೈ ನಡಗತಾವು, ಅದಕ್ಕ ಹಾಕಿದೆ. ಆಕಿ ನನಗ ಕೈ ಮುಗಿ ಅಂತ ಎಂದೂ ಅಂದಿಲ್ಲ. ಆಕಿಯಿಂದ ಎಲ್ಲಾ ಕಸಕೊಂಡಾರ. ಉಳದದ್ದು ಆ ದೀಪ ಒಂದ. ಅದನ್ನೂ ಕಸಕೊಳ್ಳಾಕ ನಾ ಯಾರು? ಆದ್ರ ನನ್ನ ಬಾಯಿಲೆ ಉಧೋ ಅನಸಬ್ಯಾಡ್ರಿ."

ಬಂಧುಗಳೇ, ನಾನು ಓದಿದ ಯಾವ ಪುಸ್ತಕದಲ್ಲೂ ಈ ಗೆರೆ ಇಷ್ಟು ನಿಚ್ಚಳವಾಗಿ ಕಂಡಿರಲಿಲ್ಲ. ಇನ್ನೊಬ್ಬರ ನಂಬಿಕೆಯನ್ನು ತಾಳಿಕೊಳ್ಳುವುದು ಒಂದು. ಇನ್ನೊಬ್ಬರ ನಂಬಿಕೆಗೆ ನಮ್ಮ ಬಾಯಿ, ನಮ್ಮ ಕೈ ಕೊಡುವುದು ಇನ್ನೊಂದು. ಮೊದಲನೆಯದು ಕರುಣೆ. ಎರಡನೆಯದನ್ನು ನಾವೇ ಒಪ್ಪಿ ಮಾಡಿದರೆ ಅದು ಸುಳ್ಳಾಗುತ್ತದೆ, ಬೇರೆಯವರಿಂದ ಮಾಡಿಸಿದರೆ ದಬ್ಬಾಳಿಕೆಯಾಗುತ್ತದೆ.

ಬಾಬಾಸಾಹೇಬರು ಕೊಟ್ಟ ಇಪ್ಪತ್ತೆರಡು ಪ್ರತಿಜ್ಞೆಗಳನ್ನು ಆ ರಾತ್ರಿ ಒಂದೊಂದಾಗಿ ನೆನಪಿಸಿಕೊಂಡೆ. ಎಲ್ಲವೂ "ನಾನು" ಅಂತಲೇ ಮಾತಾಡುತ್ತವೆ. ನಾನು ನಂಬುವುದಿಲ್ಲ, ನಾನು ಪೂಜಿಸುವುದಿಲ್ಲ, ನಾನು ಸುಳ್ಳು ಹೇಳುವುದಿಲ್ಲ, ನಾನು ಎಲ್ಲ ಜೀವಿಗಳಲ್ಲಿ ಕರುಣೆ ಇಡುತ್ತೇನೆ. ನನ್ನ ತಾಯಿಗೆ ಪೂಜೆ ಮಾಡಲು ಬಿಡುವುದಿಲ್ಲ ಅಂತ ಒಂದೂ ಇಲ್ಲ. ನನ್ನ ಹೆಂಡತಿಯ ಪ್ರತಿಜ್ಞೆಯನ್ನು ನಾನು ಸಡಿಲಿಸಬಹುದು ಅಂತಲೂ ಇಲ್ಲ. 1956ರ ಅಕ್ಟೋಬರ್ 14ರಂದು, ಅಶೋಕ ವಿಜಯದಶಮಿಯ ದಿನ, ಬಾಬಾಸಾಹೇಬರು ಮತ್ತು ಸವಿತಾ ಮಾಯಿ ಇಬ್ಬರೂ ಭಂತೆ ಚಂದ್ರಮಣಿಯವರಿಂದ ದೀಕ್ಷೆ ತಗೊಂಡರು. ಗಂಡ ತಗೊಂಡ ಅಂತ ಹೆಂಡತಿಗೆ ಅದು ತಾನಾಗಿ ಬರಲಿಲ್ಲ.

ಇನ್ನೂ ಹಿಂದಿನ ಮಾತು. ರಮಾಯಿಗೆ ಪಂಢರಾಪುರಕ್ಕೆ ಹೋಗುವ ಆಸೆಯಿತ್ತು. ಬಾಬಾಸಾಹೇಬರು ಬೇಡ ಅಂದರು, ಯಾಕೆ ಬೇಡ ಅನ್ನುವುದನ್ನೂ ಹೇಳಿದರು. ನಮ್ಮನ್ನು ಹೊರಗೆ ನಿಲ್ಲಿಸುವ ಪಂಢರಾಪುರ ನಮಗೆ ಯಾಕೆ, ನಮ್ಮ ನಡತೆಯಿಂದ, ಸೇವೆಯಿಂದ ಇನ್ನೊಂದು ಪಂಢರಾಪುರ ಕಟ್ಟೋಣ, ಅನ್ನುವ ಅರ್ಥದ ಮಾತು ಅದು. ಆ ಗುಡಿಯ ಬಾಗಿಲು ನಮ್ಮವರಿಗೆ ತೆರೆಯಲು 1947ರಲ್ಲಿ ಸಾನೆ ಗುರೂಜಿ ಉಪವಾಸ ಕೂರಬೇಕಾಯಿತು. ರಮಾಯಿ ಅಷ್ಟರಲ್ಲಿ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಬಾಬಾಸಾಹೇಬರು ಮನೆಯ ಶಾಂತಿಗಾಗಿ ಹೂಂ ಅಂದು ಕಳಿಸಬಹುದಿತ್ತು. ಪ್ರೀತಿಸುವ ಜೀವಕ್ಕೆ ನಿಜ ಹೇಳುವ ಕಷ್ಟವನ್ನು ಅವರು ತಾವೇ ಹೊತ್ತರು. ನಾನು ಆ ಕಷ್ಟವನ್ನು ಹೆಂಡತಿಯ ತಲೆಗೆ ಕಟ್ಟಿದ್ದೆ.

ಒಬ್ಬನೇ ಇರುವವನಿಗೆ ಧಮ್ಮದ ಅಗತ್ಯವಿಲ್ಲ, ಇಬ್ಬರು ಕೂಡಿ ಬಾಳುವಲ್ಲಿ ಧಮ್ಮ ಬೇಕೇ ಬೇಕು, ಅಂತ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರ ವಿಚಾರವಿದೆ. ಹಾಗಾದರೆ ಧಮ್ಮದ ಮೊದಲ ಪರೀಕ್ಷೆ ವಿಹಾರದಲ್ಲಿ ನಡೆಯುವುದಿಲ್ಲ, ಗಂಡ ಹೆಂಡತಿಯ ನಡುವೆ, ಹಿತ್ತಲಲ್ಲಿ ನಡೆಯುತ್ತದೆ.

ರಜೆ ಮುಗಿಯುವ ಮುಂಚಿನ ಭಾನುವಾರ ಇಬ್ಬರೂ ಮತ್ತೆ ಅವ್ವನ ಹತ್ತಿರ ಹೋದೆವು. ಈ ಸಲ ಮಾತಾಡಿದ್ದು ನಾನು. ದೀಕ್ಷೆಯ ಮಾತು, ಪ್ರತಿಜ್ಞೆಯ ಮಾತು, ದೊಡ್ಡವ್ವನ ಮಾತು, ಎಲ್ಲ ಹೇಳಿದೆ. ನಿಜವೂ ಹಿತವೂ ಆದ ಮಾತು ಕಹಿಯಾಗಿದ್ದರೂ ಸಮಯ ನೋಡಿ ಆಡಬೇಕು ಅಂತ ಭಗವಾನರು ಅಭಯ ರಾಜಕುಮಾರನಿಗೆ ಹೇಳಿದ್ದಾರೆ. ಸಮಯ ನೋಡುವುದು ಅಂದರೆ ಹನ್ನೆರಡು ವರ್ಷ ನೋಡುವುದಲ್ಲ.

ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಹಂಗಾರ ಇಷ್ಟ ವರ್ಷ ನನ್ನ ಮುಂದ ಸುಳ್ಳ ಸುಳ್ಳ ಕೈ ಮುಗದೇನ?"

"ಹೌದವ್ವಾ" ಅಂದೆ. ಪಂಚಶೀಲದ ನಾಲ್ಕನೆಯ ಶೀಲವನ್ನು ನಾನು ಎಷ್ಟು ಸಲ ಮುರಿದಿದ್ದೆ ಅನ್ನುವುದನ್ನು ಓದು ಬರಹ ಬಾರದ ನನ್ನ ಅವ್ವ ಒಂದೇ ಪ್ರಶ್ನೆಯಲ್ಲಿ ಲೆಕ್ಕ ಹಾಕಿಕೊಟ್ಟಳು.

ಅವಳಿಗೆ ಸಿಟ್ಟು ಇಳಿದಿರಲಿಲ್ಲ. ಬುದ್ಧನ ಮೂರ್ತಿಯನ್ನು ಜಗಲಿಯಿಂದ ತೆಗೆಯಲೂ ಇಲ್ಲ. "ಇಟ್ಟದ್ದು ನಾ. ಅದು ಇಲ್ಲೇ ಇರಲಿ" ಅಂದಳು. ಅದು ಅವಳ ಮನೆ, ಅವಳ ಜಗಲಿ. ನಾವು ಎದುರು ಆಡಲಿಲ್ಲ. ಸೊಸೆಯ ಕಡೆ ತಿರುಗಿ, "ನಿಮ್ಮ ದೊಡ್ಡವ್ವನ ಕೈ ಈಗ ಹೆಂಗ ಅದಾವು?" ಅಂತ ಕೇಳಿದಳು. ಹತ್ತು ದಿನದ ಮೇಲೆ ಆಡಿದ ಮೊದಲ ಮಾತು ಅದು.

ಹೊರಡುವಾಗ ಶೇಂಗಾ ಹೋಳಿಗೆ ಕಟ್ಟಿ ಆಕೆಯ ಕೈಗೆ ಕೊಟ್ಟಳು. "ಇದನ್ನ ದೇವರ ಮುಂದ ಇಟ್ಟಿಲ್ಲ. ತಿನ್ರಿ" ಅಂದಳು.

ಗೋಕಾಕ ಮುಟ್ಟುವವರೆಗೆ ನನಗೆ ಅದೇ ಮಾತು ಕಾಡಿತು. ನಿಜ ಗೊತ್ತಾದ ಮೇಲೆ ಅವ್ವ ತನ್ನ ನಂಬಿಕೆ ಬಿಡಲಿಲ್ಲ, ನಮ್ಮದನ್ನು ಕೆಡಿಸಲೂ ಇಲ್ಲ. ನಿಜ ಹೇಳಿದರೆ ಅವಳು ತಾಳುವುದಿಲ್ಲ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಅವಳ ಮೇಲೆ ನನಗೆ ಅಷ್ಟು ಕಡಿಮೆ ವಿಶ್ವಾಸವಿತ್ತು.

ಎಲ್ಲ ಮನೆಯಲ್ಲೂ ಹೀಗೇ ಆಗುತ್ತದೆ ಅಂತ ನಾನು ಹೇಳಲಾರೆ. ಕೆಲವು ಅವ್ವಂದಿರು ಬಾಗಿಲು ಹಾಕಿಕೊಳ್ಳಬಹುದು, ಆ ನೋವು ಸಣ್ಣದಲ್ಲ. ಆದರೂ ದೀಪಾವಳಿ ಹತ್ತಿರ ಬಂತು, ಮತ್ತೆ ಊರಿಗೆ ಹೋಗುವ ದಿನ ಬಂತು. ಅದಕ್ಕೆ ಇಂದು ಒಂದು ಪ್ರಶ್ನೆಯನ್ನು ಗಂಡ ಹೆಂಡತಿ ಕೂಡಿ ಕೂತು ಕೇಳಿಕೊಳ್ಳೋಣ: ನಮ್ಮ ಮನೆಯಲ್ಲಿ ಶಾಂತಿ ಇದೆ ಅನ್ನುತ್ತೇವಲ್ಲ, ಅದರ ಖರ್ಚನ್ನು ಕೊಡುತ್ತಿರುವವರು ಯಾರು?

ಭವತು ಸಬ್ಬ ಮಂಗಲಂ. ಜೈ ಭೀಮ್.