ಮನೆಮಗಳ ಹಾಗೆ

ಪರಸ್ಥಳದಲ್ಲಿ ನೆಲೆಸಿದ ನಮ್ಮಂಥ ಕುಟುಂಬಗಳಲ್ಲಿ ಆಗಾಗ ಕೇಳಿಬರುವ ಮಾತೊಂದಿದೆ: “ಊರಿಂದ ಒಂದು ಹುಡುಗೀನ ಕರಕೊಂಡು ಬಂದಿದ್ದೇವೆ. ಮನೆಮಗಳ ಹಾಗೇ ನೋಡಿಕೊಳ್ತೇವೆ.” ಹೇಳುವವರು ಕೆಟ್ಟವರಲ್ಲ, ಕೇಳುವವರೂ ತಲೆದೂಗುತ್ತಾರೆ. ಬಡವರ ಮಗುವೊಂದಕ್ಕೆ ಅನ್ನ ಬಟ್ಟೆ ದೊರೆಯಿತಲ್ಲ ಎಂಬ ಸಮಾಧಾನ ಇಬ್ಬರಿಗೂ ಇರುತ್ತದೆ. ಈ ‘ಹಾಗೆ’ ಎಂಬ ಎರಡಕ್ಷರದ ಬೆಲೆಯೇನು ಎಂದು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ. ಪರರನ್ನು ಆಡುವ ಮುನ್ನ ನಮ್ಮ ಮನೆಯ ಸಂಗತಿಯನ್ನೇ ಹೇಳಿಬಿಡುವುದು ಲೇಸು.

2014ರಲ್ಲಿ ನಾವು ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದಾಗ ನಮ್ಮ ಎರಡನೆಯ ಮಗು ಇನ್ನೂ ಕೈಗೂಸು. ನಮ್ಮ ಮನೆಯವರ ತವರೂರಿನಿಂದ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಮಗು ಎತ್ತಿಕೊಳ್ಳಲೆಂದು ಬಂದಳು. ನಮ್ಮನ್ನು ಮಾವ ಎಂದೂ ಅವರನ್ನು ಅತ್ತೆ ಎಂದೂ ಕರೆಯುತ್ತಿದ್ದಳು. ಹಬ್ಬಕ್ಕೆ ಹೊಸ ಲಂಗ ಹೊಲಿಸಿದೆವು. ಊಟಕ್ಕೆ ಕಡಿಮೆ ಮಾಡಲಿಲ್ಲ. ಮಗು ಎತ್ತಿಕೊಳ್ಳುವುದರ ಜೊತೆಗೆ ಪಾತ್ರೆ, ಕಸ, ನೆಲ ಎಲ್ಲವೂ ಒಂದೊಂದಾಗಿ ಅವಳ ಪಾಲಿಗೆ ಬಂದವು. ನಾವು ಹೇಳಿದ್ದೂ ಇಲ್ಲ, ಬೇಡವೆಂದದ್ದೂ ಇಲ್ಲ.

ಒಂದು ಸಂಜೆ ನಾವು ಮಕ್ಕಳ ಶಿಕ್ಷಣ ಭತ್ಯೆಯ ಅರ್ಜಿ ತುಂಬುತ್ತ ಕುಳಿತಿದ್ದೆವು. ದೊಡ್ಡ ಮಗನ ಹೆಸರು, ಜನ್ಮ ದಿನಾಂಕ, ತರಗತಿ, ಫೀಸಿನ ರಸೀದಿ. ಮೇಜಿನ ಕೆಳಗಿನಿಂದ ದನಿ ಬಂತು: “ಮಾವ, ಕಾಲು ಸ್ವಲ್ಪ ಎತ್ತಿ.” ಎತ್ತಿದೆವು. ಅವಳು ನೆಲ ಒರೆಸಿ ಮುಂದಕ್ಕೆ ಹೋದಳು. ಗುಮಾಸ್ತಿಕೆಯವರಿಗೆ ಒಂದು ಅಭ್ಯಾಸ: ಕಾಗದದಲ್ಲಿಲ್ಲದ್ದು ಲೋಕದಲ್ಲಿಲ್ಲ. ನಮ್ಮ ಈ ಮನೆಮಗಳ ಹೆಸರು ಭತ್ಯೆಯ ಅರ್ಜಿಯಲ್ಲಿಲ್ಲ, ರಜಾ ಪ್ರಯಾಣದ ರಿಯಾಯಿತಿಯ ಪಟ್ಟಿಯಲ್ಲಿಲ್ಲ, ಯಾವ ಶಾಲೆಯ ಹಾಜರಿ ಪುಸ್ತಕದಲ್ಲೂ ಇಲ್ಲ. ಕಾಗದದಲ್ಲಿ ಇದ್ದದ್ದು ಒಂದೇ: ಹದಿನಾಲ್ಕು ವರ್ಷದೊಳಗಿನ ಮಗುವನ್ನು ಸರ್ಕಾರಿ ನೌಕರನು ಕೆಲಸಕ್ಕಿಟ್ಟುಕೊಳ್ಳಬಾರದು ಎಂಬ ನಮ್ಮ ನಡತೆ ನಿಯಮಾವಳಿಯ 22-ಎ ನಿಯಮ. 2006ರ ಅಕ್ಟೋಬರ್ 10ರಿಂದ ಮನೆಗೆಲಸಕ್ಕೂ ಹೋಟೆಲು ಕೆಲಸಕ್ಕೂ ಅಂಥ ಮಕ್ಕಳನ್ನು ಇಟ್ಟುಕೊಳ್ಳುವುದು ಎಲ್ಲರಿಗೂ ನಿಷಿದ್ಧವಾಗಿತ್ತು. ಇದೆಲ್ಲ ನಮಗೆ ಗೊತ್ತಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಗೊತ್ತಿತ್ತು, ಅದು ಬೇರೆಯವರಿಗೆ ಎಂದುಕೊಂಡಿದ್ದೆವು.

ಹದಿನೈದು ದಿನದೊಳಗೆ ಪರಿಚಿತರೊಬ್ಬರ ಜೊತೆ ಅವಳನ್ನು ಊರಿಗೆ ಕಳುಹಿಸಿದೆವು. ಮೂರು ತಿಂಗಳ ಹಣವನ್ನೂ ಕೊಟ್ಟೆವು. ದೊಡ್ಡ ಪುಣ್ಯದ ಕೆಲಸ ಮಾಡಿದಂತೆ ಹಗುರವಾಯಿತು. ಎರಡು ವರ್ಷದ ಮೇಲೆ ಮದುವೆಮನೆಯೊಂದರಲ್ಲಿ ತಿಳಿಯಿತು: ಅವಳು ಶಾಲೆಗೆ ಹೋಗಲೇ ಇಲ್ಲ, ಒಂದು ತಿಂಗಳೊಳಗೆ ಬೇರೆ ಊರಿನ ಬೇರೆ ಮನೆಗೆ ಹೋದಳು. ನಾವು ಮಾಡಿದ್ದು ಕೈ ತೊಳೆದುಕೊಂಡದ್ದು, ಅಷ್ಟೆ.

ಇಲ್ಲಿಯೇ ಪ್ರಶ್ನೆ ಹುಟ್ಟುವುದು. ಅನ್ಯರ ಮಗುವಿಗೆ ನಾವು ಮಾಡಬೇಕಾದದ್ದು ದಯೆಯೋ, ಋಣವೋ? ದಯೆಯಾದರೆ ಅದರ ಅಳತೆ ಕೊಡುವವನ ಕೈಯಲ್ಲಿರುತ್ತದೆ. ಹಳೆಯ ಲಂಗ ಕೊಟ್ಟರೂ ದಯೆಯೇ, ಸಾಕೆನಿಸಿದಾಗ ನಿಲ್ಲಿಸಿದರೂ ತಪ್ಪಿಲ್ಲ. ಋಣವಾದರೆ ಹಾಗಲ್ಲ, ಎಷ್ಟು ಸಲ್ಲಬೇಕೋ ಅಷ್ಟೂ ಸಲ್ಲಬೇಕು. ತಂದೆತಾಯಿಯ ಋಣವನ್ನು ಮಕ್ಕಳನ್ನು ಸಾಕುವುದರಿಂದ ತೀರಿಸುತ್ತೇವೆ ಎನ್ನುತ್ತಾರೆ ಹಿರಿಯರು. ಆದರೆ ನಮ್ಮನ್ನು ಮನುಷ್ಯರನ್ನಾಗಿ ಮಾಡಿದವರು ತಂದೆತಾಯಿ ಮಾತ್ರವೇ? ಸರ್ಕಾರಿ ಶಾಲೆಯ ಮೇಷ್ಟರು, ವಿದ್ಯಾರ್ಥಿನಿಲಯದ ಊಟ, ಬಿ.ಎಸ್‌ಸಿ. ಓದುವಾಗ ದೊರೆತ ವಿದ್ಯಾರ್ಥಿವೇತನ, ಇವೆಲ್ಲ ಪರರ ದುಡಿಮೆಯಿಂದ ಬಂದವು. ಆ ಸಾಲವನ್ನು ಸ್ವಂತ ಮಕ್ಕಳಿಗೆ ಮಾತ್ರ ಹಿಂದಿರುಗಿಸಿದರೆ ಲೆಕ್ಕ ಚುಕ್ತಾ ಆಗುವುದಿಲ್ಲ.

“ಬಡತನವಿದೆ, ಕೆಲಸ ತಪ್ಪಿಸಿದರೆ ಆ ಮನೆಯವರು ಉಪವಾಸ ಬೀಳುತ್ತಾರೆ” ಎನ್ನುವವರಿದ್ದಾರೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಉಪವಾಸಕ್ಕೆ ಮದ್ದು ದೊಡ್ಡವರಿಗೆ ಸರಿಯಾದ ಕೂಲಿಯೇ ಹೊರತು ಮಗುವಿಗೆ ಕಡಿಮೆ ಕೂಲಿಯಲ್ಲ. ಅದೇ ಕೆಲಸಕ್ಕೆ ಅವಳ ತಾಯಿಯನ್ನು ಕರೆದಿದ್ದರೆ ಎಷ್ಟು ಕೊಡಬೇಕಾಗುತ್ತಿತ್ತು? ಮಗುವೇ ಬೇಕಾದದ್ದು ಅದು ಅಗ್ಗವೆಂದು, ಎದುರಾಡುವುದಿಲ್ಲವೆಂದು. ಬಡತನವನ್ನು ಕಂಡು ನಾವು ಮರುಗಿದೆವು, ಜೊತೆಗೆ ಅದರಿಂದ ಲಾಭವನ್ನೂ ಪಡೆದೆವು. ಎರಡೂ ಕೂಡಿ ಬರುವಾಗ ಮರುಕವನ್ನು ನಂಬುವುದು ಕಷ್ಟ.

ಇನ್ನು “ಸರ್ಕಾರವಿದೆ, ಕಾನೂನಿದೆ” ಎಂಬ ಮಾತು. ಇದೆ, ನಿಜ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯಂತೆ ಶಾಲೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ವಯಸ್ಸಿನ ದಾಖಲೆ ಇಲ್ಲವೆಂದು ಹಿಂದಕ್ಕೆ ಕಳುಹಿಸುವಂತಿಲ್ಲ. ಬಾಲನ್ಯಾಯ ಕಾಯಿದೆಯ ಪ್ರಕಾರ ಜಿಲ್ಲೆಗೊಂದು ಮಕ್ಕಳ ಕಲ್ಯಾಣ ಸಮಿತಿ ಇರಬೇಕು. ಆದರೆ ಈ ಬಾಗಿಲುಗಳು ತಟ್ಟಿದರೆ ತಾನೇ ತೆರೆಯುವುದು? ಹನ್ನೆರಡರ ಹುಡುಗಿಗಾಗಲಿ, ಅಕ್ಷರ ಬಾರದ ಅವಳ ತಂದೆಗಾಗಲಿ ತಟ್ಟುವುದು ತಿಳಿಯದು. ಅರ್ಜಿ ಬರೆಯುವುದೇ ಕಸುಬಾಗಿರುವ ನಮಗೆ ತಿಳಿದಿತ್ತು. ಅವಳ ಊರಿನ ಶಾಲೆಗೆ ಒಂದು ಕಾಗದ ಬರೆದು, ಸೇರಿಸಿಕೊಂಡರೋ ಇಲ್ಲವೋ ಎಂದು ಎರಡು ಸಲ ವಿಚಾರಿಸಿದ್ದರೆ ಸಾಕಿತ್ತೇನೋ. ಮಗುವಿನ ಪರವಾಗಿ ಮಾತಾಡುವುದೆಂದರೆ ವೇದಿಕೆಯ ಭಾಷಣವಲ್ಲ. ಇಂಥ ಬೇಸರದ ಕೆಲಸ.

ಊರಿಗೆ ಹೋಗುವಾಗ ವಿಜಯವಾಡ ನಿಲ್ದಾಣವನ್ನು ನಾವೆಲ್ಲ ಕಂಡಿದ್ದೇವೆ. ಚೆನ್ನೈ, ಹೌರಾ, ಹೈದರಾಬಾದು, ಗುಂಟೂರು ಕಡೆಯ ಹಳಿಗಳೆಲ್ಲ ಕೂಡುವ ಸ್ಥಳ. ಹಳಿಗಳು ಕೂಡಿದೆಡೆ ಮನೆ ಬಿಟ್ಟ ಮಕ್ಕಳೂ ಬಂದು ಸೇರುತ್ತಾರೆ. ತನ್ನ ಅಂಗಿಯಿಂದಲೇ ಡಬ್ಬಿಯ ನೆಲ ಒರೆಸಿ ಕೈಯೊಡ್ಡುವ ಹುಡುಗನಿಗೆ ನಾವು ನಾಣ್ಯ ಕೊಟ್ಟು ಕಿಟಕಿಯ ಕಡೆ ತಿರುಗಿದ್ದೇವೆ. ಅದೇ ಊರಿನಲ್ಲಿ 1989ರಿಂದ ಡಾನ್ ಬಾಸ್ಕೊ ಪಾದ್ರಿಗಳ ನವಜೀವನ ಬಾಲ ಭವನ ಇಂಥ ಮಕ್ಕಳ ಜೊತೆ ಕೂತು ಮಾತಾಡುವ ಕೆಲಸ ಮಾಡುತ್ತ ಬಂದಿದೆ. 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ 1098 ಎಂಬ ಮಕ್ಕಳ ಸಹಾಯವಾಣಿ ಈಗ ಸರ್ಕಾರದ ಕೈಯಲ್ಲಿ ದೇಶಾದ್ಯಂತ ನಡೆಯುತ್ತಿದೆ, ಕರೆಗೆ ಹಣವಿಲ್ಲ. ನಾಣ್ಯ ಕೊಡಲು ಬೇಕಾಗುವಷ್ಟೇ ಹೊತ್ತು ಆ ನಾಲ್ಕು ಅಂಕಿ ಒತ್ತಲೂ ಸಾಕು.

“ಪರಊರಿನವರು ನಾವು, ಇಲ್ಲಿಯ ಗೊಡವೆ ನಮಗೇಕೆ?” ಎನ್ನುವವರು ನಮ್ಮವರದೇ ಚರಿತ್ರೆ ನೆನೆಯಬೇಕು. ದಕ್ಷಿಣ ಕನ್ನಡದ ಎಷ್ಟು ಹುಡುಗರು ಚಡ್ಡಿಯಲ್ಲಿ ಮನೆ ಬಿಟ್ಟು, ಪರಊರಿನ ಹೋಟೆಲುಗಳಲ್ಲಿ ಮಾಣಿಗಳಾಗಿ ಲೋಟ ತೊಳೆದರು! ಮುಂಬಯಿಯಲ್ಲಿ ನಮ್ಮ ಹಿರಿಯರ ಸಂಘಗಳು ಅವರಿಗಾಗಿ ಕನ್ನಡ ರಾತ್ರಿಶಾಲೆಗಳನ್ನು ತೆರೆದವು. ಅಲ್ಲಿ ಓದಿದವರು ವಕೀಲರಾದರು, ಬ್ಯಾಂಕಿನ ಅಧಿಕಾರಿಗಳಾದರು. ಹಗಲೆಲ್ಲ ದುಡಿದ ಮಗು ರಾತ್ರಿ ತೂಕಡಿಸುತ್ತ ಓದುವುದು ಆದರ್ಶವೇನಲ್ಲ. ಆದರೂ ಆ ಸಂಘಗಳು ಹುಡುಗರಿಗೆ ಮಿಕ್ಕ ಅನ್ನವನ್ನಲ್ಲ, ಹೊತ್ತನ್ನು ಕೊಡಿಸಿದವು ಎಂಬುದನ್ನು ಮರೆಯಬಾರದು.

ಕೊನೆಯದಾಗಿ ಒಂದು ಸಂಗತಿ. ಬೆಂಗಳೂರಿನಲ್ಲಿ 1990ರಲ್ಲಿ ದುಡಿಯುವ ಮಕ್ಕಳು ತಮ್ಮದೇ ಭೀಮ ಸಂಘ ಕಟ್ಟಿಕೊಂಡರು. ಆ ದಶಕದಲ್ಲೇ ಕುಂದಾಪುರದ ಕಡೆ ಮಕ್ಕಳ ಪಂಚಾಯತಿಗಳು ನಡೆದವು. ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತನ್ನೂ ಕೇಳಬೇಕೆಂದು ವಿಶ್ವಸಂಸ್ಥೆಯ 1989ರ ಒಡಂಬಡಿಕೆಯೂ ಹೇಳುತ್ತದೆ. 1992ರಲ್ಲಿ ಭಾರತ ಅದನ್ನು ಒಪ್ಪಿತು. ನಮ್ಮ ಮನೆಯಲ್ಲಿ ಎಂಟು ತಿಂಗಳಿದ್ದವಳನ್ನು ಕರೆತರುವಾಗಲೂ ಕಳುಹಿಸುವಾಗಲೂ “ನಿನಗೇನು ಬೇಕಮ್ಮಾ?” ಎಂದು ನಾವು ಒಮ್ಮೆಯೂ ಕೇಳಲಿಲ್ಲ. ಸ್ವಂತ ಮಗಳಾಗಿದ್ದರೆ ದಿನಕ್ಕೆ ಹತ್ತು ಸಲ ಕೇಳುತ್ತಿದ್ದೆವು.

ನವೆಂಬರಿನಲ್ಲಿ ರಾಜ್ಯೋತ್ಸವವೂ ಬರುತ್ತದೆ, ಮಕ್ಕಳ ದಿನಾಚರಣೆಯೂ ಬರುತ್ತದೆ. ಈ ಸಲ ಸದಸ್ಯರು ಮೂರು ಕೆಲಸಕ್ಕೆ ಮನಸ್ಸು ಮಾಡಬೇಕೆಂದು ನಮ್ಮ ವಿನಂತಿ: ಯಾರ ಮನೆಯಲ್ಲೂ ಮಕ್ಕಳನ್ನು ಕೆಲಸಕ್ಕಿಡದಿರುವುದು, ಈಗಾಗಲೇ ಇದ್ದರೆ ಸುಮ್ಮನೆ ಊರಿಗೆ ಅಟ್ಟದೆ ಶಾಲೆ ಸೇರುವವರೆಗೂ ಬೆನ್ನು ಹತ್ತುವುದು, ಅರ್ಜಿ ಬರೆಯಬಲ್ಲ ನಾಲ್ಕು ಮಂದಿ ಭಾನುವಾರ ಒಂದು ಗಂಟೆ ಸಂಘದಲ್ಲಿ ಕೂತು, ಕನ್ನಡದವರಿರಲಿ ತೆಲುಗಿನವರಿರಲಿ, ಬಂದವರ ಮಕ್ಕಳ ಕಾಗದಪತ್ರ ಮಾಡಿಕೊಡುವುದು. ಮೊದಲನೆಯ ಭಾನುವಾರಕ್ಕೆ ನಾವು ಬರುತ್ತೇವೆ. ಇನ್ನು ಮೂವರು ಬೇಕು.