ಎರವಲು ಕಿವಿ

ಬೆರಳು ಕಲಿತುದನ್ನೆಲ್ಲ ಮನಸ್ಸೂ ಕಲಿಯಿತೆಂದು ಹೇಳಬಹುದೇ? ಪ್ರಶ್ನೆ ಹಳೆಯದು. ಆದರೆ ಬೇಸ್ ಗಿಟಾರ್ ಎಂಬ ವಾದ್ಯವನ್ನು ಕೈಗೆತ್ತಿಕೊಂಡು, ಗುರುವಿನ ನೆರವಿಲ್ಲದೆ, ಟ್ಯಾಬ್ಲೇಚರ್ ಎಂಬ ಲಿಪಿಯನ್ನೇ ನೆಚ್ಚಿ ರಾಕ್ ಗೀತೆಗಳನ್ನು ನುಡಿಸಲೆಳಸುವ ತರುಣರನ್ನು ಕಂಡಾಗ ಅದು ಹೊಸ ರೂಪದಲ್ಲಿ ನಮ್ಮೆದುರು ನಿಲ್ಲುತ್ತದೆ. ಈ ಕಲಿಕೆಯನ್ನು ಅಡ್ಡದಾರಿಯೆಂದು ಹಳಿಯುವವರುಂಟು. ವಿದ್ಯೆಯನ್ನು ಎಲ್ಲರ ಮನೆಬಾಗಿಲಿಗೆ ತಂದ ಉಪಕಾರವೆಂದು ಕೊಂಡಾಡುವವರೂ ಉಂಟು. ಯಾವ ಮಾತನ್ನು ಒಪ್ಪಬೇಕೆಂದು ವಿಚಾರಿಸುವ ಮೊದಲು ಆ ಲಿಪಿಯ ಸ್ವರೂಪವನ್ನು ಅರಿಯುವುದು ಅವಶ್ಯಕ.

ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕು ತಂತಿಗಳು. ಟ್ಯಾಬ್ಲೇಚರಿನಲ್ಲಿ ಅವುಗಳಿಗೆ ಪ್ರತಿಯಾಗಿ ನಾಲ್ಕು ಗೆರೆಗಳು. ಎಲ್ಲಕ್ಕಿಂತ ದಪ್ಪನಾದ, ತಗ್ಗು ಧ್ವನಿಯ ತಂತಿಗೆ ಎಲ್ಲಕ್ಕಿಂತ ಕೆಳಗಿನ ಗೆರೆ. ಗೆರೆಯ ಮೇಲೆ ಬರೆದ ಅಂಕಿಯು ತಂತಿಯನ್ನು ಎಷ್ಟನೆಯ ಮೆಟ್ಟಿನಲ್ಲಿ ಒತ್ತಬೇಕೆಂಬುದನ್ನು ತಿಳಿಸುತ್ತದೆ. 0 ಎಂದಿದ್ದರೆ ಒತ್ತದೆಯೇ ಮಿಡಿಯಬೇಕು. ಇಷ್ಟೇ ಇದರ ವ್ಯಾಕರಣ. ಒಂದು ಸಂಜೆಯಲ್ಲಿ ಕಲಿಯಬಹುದು. ನಮ್ಮ ಸರಿಗಮ ಲಿಪಿಯು ಸ್ವರವನ್ನು ಹೇಳಿ, ಅದರ ಸ್ಥಾನವನ್ನು ವೀಣೆಯ ಮೇಲೆ ಹುಡುಕುವ ಹೊಣೆಯನ್ನು ವೈಣಿಕನಿಗೆ ಬಿಡುತ್ತದೆ. ಟ್ಯಾಬ್ಲೇಚರಾದರೋ ಸ್ಥಾನವನ್ನು ಹೇಳಿ ಸ್ವರದ ಹೆಸರನ್ನು ಬಿಡುತ್ತದೆ. ದಪ್ಪ ತಂತಿಯ 5ನೆಯ ಮೆಟ್ಟಿನಲ್ಲಿ ಹುಟ್ಟುವ ಸ್ವರವೂ ಅದರ ಪಕ್ಕದ ತಂತಿಯನ್ನು ಒತ್ತದೆ ಮಿಡಿದಾಗ ಹುಟ್ಟುವ ಸ್ವರವೂ ಒಂದೇ. ಲಿಪಿಯಲ್ಲಿ ಮಾತ್ರ ಅದು ಒಂದೆಡೆ 5, ಇನ್ನೊಂದೆಡೆ 0. ಇವೆರಡೂ ಒಂದೇ ಎಂಬುದನ್ನು ಹಾಳೆ ಹೇಳದು, ಕಿವಿ ಹೇಳಬೇಕು.

ಇಂಥ ಲಿಪಿಯೇ ಸಂಗೀತಕ್ಕೆ ಅವಮಾನವೆಂದು ಕೆಲವರು ಆಕ್ಷೇಪಿಸಬಹುದು. ಆದರೆ 1507ರಷ್ಟು ಹಿಂದೆಯೇ ವೆನಿಸ್ ನಗರದಲ್ಲಿ ಪೆಟ್ರುಚ್ಚಿ ಎಂಬ ಮುದ್ರಕನು ಸ್ಪಿನಾಚಿನೋನ ಲ್ಯೂಟ್ ವಾದ್ಯದ ಕೃತಿಗಳನ್ನು ಗೆರೆ ಮತ್ತು ಅಂಕಿಗಳಲ್ಲಿಯೇ ಅಚ್ಚು ಹಾಕಿಸಿದನು. ಬೇಸ್ ಗಿಟಾರಿನ ಜನ್ಮವೃತ್ತಾಂತವೂ ಇಲ್ಲಿ ಸ್ಮರಣೀಯ. ಹಿಂದಿನ ಡಬಲ್ ಬೇಸ್ ವಾದ್ಯಕ್ಕೆ ಮೆಟ್ಟುಗಳಿರಲಿಲ್ಲ. ಸ್ವರಸ್ಥಾನವನ್ನು ಕಿವಿಯೇ ನಿರ್ಣಯಿಸಬೇಕಾಗಿತ್ತು. 1951ರಲ್ಲಿ ಲಿಯೋ ಫೆಂಡರನ ಕಾರ್ಖಾನೆಯಿಂದ ಹೊರಬಂದ ಬೇಸ್ ಗಿಟಾರಿಗೆ ಮೆಟ್ಟುಗಳಿದ್ದವು. ಅದಕ್ಕೆ ಇಟ್ಟ ‘ಪ್ರಿಸಿಷನ್’ ಎಂಬ ಹೆಸರಿಗೆ ನಿಖರತೆಯೆಂದು ಅರ್ಥ. ಮೆಟ್ಟು ತಾನೇ ಒಂದು ಊರೆಗೋಲಲ್ಲವೇ? ಅದನ್ನು ಒಪ್ಪಿದವರು ಅಂಕಿಯೆಂಬ ಇನ್ನೊಂದು ಊರೆಗೋಲನ್ನು ಹಳಿಯುವುದು ನ್ಯಾಯವಾಗಲಾರದು.

ಹಾಗಾದರೆ ದೋಷವೆಲ್ಲಿ? ಹಾಳೆಯಲ್ಲಿ ಇರುವುದಕ್ಕಿಂತ ಅದರಲ್ಲಿ ಇಲ್ಲದುದನ್ನು ನೋಡಬೇಕು. ವೆನಿಸಿನ ಆ ಪುಸ್ತಕದಲ್ಲಿ ಅಂಕಿಗಳ ಮೇಲೆ ಕಾಲಪ್ರಮಾಣದ ಚಿಹ್ನೆಗಳಿದ್ದವು. ಇಂದಿನ ಕೆಲವು ಅಚ್ಚಿನ ಪುಸ್ತಕಗಳಲ್ಲಿಯೂ ಉಂಟು. ಆದರೆ ಕೈಯಿಂದ ಕೈಗೆ ಸಾಗುವ ಸರಳ ಹಾಳೆಗಳಲ್ಲಿ ಅವು ಪ್ರಾಯಶಃ ಕಾಣವು. ಕ್ವೀನ್ ತಂಡದ ಜಾನ್ ಡೀಕನ್ ರಚಿಸಿದ, 1980ರಲ್ಲಿ ಪ್ರಕಟವಾದ ‘ಅನದರ್ ವನ್ ಬೈಟ್ಸ್ ದ ಡಸ್ಟ್’ ಗೀತೆಯ ಬೇಸ್ ಭಾಗದಲ್ಲಿ ದಪ್ಪ ತಂತಿಯನ್ನು ಒತ್ತದೆ ಮಿಡಿದ ಮೂರು ಪೆಟ್ಟುಗಳು ಬರುತ್ತವೆ. ಹಾಳೆಯಲ್ಲಿ ಅವು ಕೇವಲ ಮೂರು ಸೊನ್ನೆ. ಆ ಗೀತೆಯ ಜೀವವಿರುವುದು ಸೊನ್ನೆಗಳ ನಡುವಣ ಮೌನದಲ್ಲಿ. ಪಿಂಕ್ ಫ್ಲಾಯ್ಡ್ ತಂಡದ ‘ಮನಿ’ ಗೀತೆ 1973ರದು; ಅದರ ಮುಖ್ಯ ಭಾಗ ಏಳೇಳು ಎಣಿಕೆಗಳಲ್ಲಿ ಸುತ್ತುತ್ತದೆ. ಅಂಕಿಗಳನ್ನು ಒಂದೂ ತಪ್ಪದೆ ಒತ್ತಿ, ಎಂಟು ಎಣಿಸಿಕೊಂಡು ಕುಳಿತವನಿಗೆ ಆ ಗೀತೆ ದಕ್ಕುವುದಿಲ್ಲ.

ಇದು ಸಣ್ಣ ಕೊರತೆಯಲ್ಲ. ರಾಕ್ ತಂಡದಲ್ಲಿ ಬೇಸ್ ಗಿಟಾರಿನ ಸ್ಥಾನ ಮನೆಯ ತಳಪಾಯದ್ದು. ಕೇಳುವವರು ಗಾಯಕನನ್ನು ಹೊಗಳುತ್ತಾರೆ. ಬೇಸ್ ನಿಂತಾಗ ಮಾತ್ರ ಏನೋ ಕಳೆದುಹೋಯಿತೆಂದು ಅರಿಯುತ್ತಾರೆ. ಡ್ರಮ್ಮಿನ ಪೆಟ್ಟಿಗೆ ಹೊಂದಿಕೊಂಡು ಎಲ್ಲರಿಗೂ ಲಯವನ್ನು ಕಾಯ್ದುಕೊಡುವುದು ಆ ವಾದಕನ ಧರ್ಮ. ಸ್ವರ ತಪ್ಪಿದರೆ ತಾನೊಬ್ಬನು ತಪ್ಪಿದಂತೆ; ಕಾಲ ತಪ್ಪಿದರೆ ಜೊತೆಯವರನ್ನೂ ತಪ್ಪಿಸಿದಂತೆ. ತನ್ನ ಬೆರಳಿಗೆ ಬೇಕಾದುದನ್ನು ಹಾಳೆ ಕೊಡುತ್ತದೆ. ಜೊತೆಯವರಿಗೆ ಸಲ್ಲಬೇಕಾದುದನ್ನು ಕೊಡುವುದಿಲ್ಲ.

ಇಲ್ಲಿಯೇ ನೀತಿಯ ಪ್ರಶ್ನೆ ಹುಟ್ಟುತ್ತದೆ. ಟ್ಯಾಬ್ಲೇಚರಿನ ಹಾಳೆಯೆಂದರೆ ಸಾಮಾನ್ಯವಾಗಿ ಯಾರೋ ಒಬ್ಬರು ಹಾಡನ್ನು ಮತ್ತೆ ಮತ್ತೆ ಕೇಳಿ ಕಂಡುಕೊಂಡುದರ ಫಲ. ಅದನ್ನು ಬಳಸುವವನು ಅವರ ಕಿವಿಯನ್ನು ಎರವಲು ಪಡೆಯುತ್ತಾನೆ. ಎರವಲು ಪಡೆಯುವುದು ದೋಷವಲ್ಲ. ವಿದ್ಯೆಯೆಲ್ಲ ಮೊದಲು ಎರವಲೇ. ಎರವಲು ತಂದ ಒಡವೆಯನ್ನು ತನ್ನದೆಂದು ಮೆರೆಯುವುದು ದೋಷ. ಬರೆದವರು ತಪ್ಪು ಕೇಳಿದ್ದರೆ ಹಾಳೆಯೂ ತಪ್ಪುತ್ತದೆ. ತನ್ನ ಕಿವಿಯನ್ನು ಬಳಸದವನು ಆ ತಪ್ಪನ್ನೇ ಶ್ರದ್ಧೆಯಿಂದ ಅಭ್ಯಾಸ ಮಾಡುತ್ತಾನೆ. ಬೀಟಲ್ಸ್ ತಂಡದ ಬೇಸ್ ವಾದಕ ಪಾಲ್ ಮೆಕಾರ್ಟ್ನಿಗೆ ಪಾಶ್ಚಾತ್ಯ ಸ್ವರಲಿಪಿಯನ್ನು ಓದಲು ಬಾರದು. ಆದರೂ ಅವರನ್ನು ಅಸಂಗೀತಜ್ಞರೆನ್ನುವ ಧೈರ್ಯ ಯಾರಿಗೂ ಇಲ್ಲ. ಲಿಪಿ ಬಾರದಿರುವುದು ಅಜ್ಞಾನವಲ್ಲ, ಕೇಳದಿರುವುದು ಅಜ್ಞಾನ.

ಚೀನಾ ದೇಶದಲ್ಲಿ ಗುಚಿನ್ ಎಂಬ ಏಳು ತಂತಿಗಳ ಪ್ರಾಚೀನ ವಾದ್ಯವಿದೆ. ಅದರ ಲಿಪಿಯೂ ತಂತಿಯನ್ನೂ ಬೆರಳನ್ನೂ ಹೇಳಿ ಕಾಲಪ್ರಮಾಣವನ್ನು ಬಿಡುತ್ತದೆ. ಅಲ್ಲಿಯ ವಾದಕರು ಆ ಬಿಟ್ಟ ಸ್ಥಳವನ್ನು ಸ್ವಂತ ವಿವೇಚನೆಯಿಂದ ತುಂಬುವುದನ್ನೇ ದೊಡ್ಡ ಸಾಧನೆಯೆಂದು ಎಣಿಸಿದ್ದಾರೆ. ಒಂದೇ ಕೊರತೆ ಒಬ್ಬನಿಗೆ ಸೋಮಾರಿತನದ ನೆಪ, ಇನ್ನೊಬ್ಬನಿಗೆ ಸಾಧನೆಯ ಕರೆ.

ಆದುದರಿಂದ ಕಲಿಯುವವನ ಕೈಯಿಂದ ಹಾಳೆಯನ್ನು ಕಸಿಯಬೇಕೆಂದು ನಾವು ಹೇಳಲಾರೆವು. ಗುರು ದೊರೆಯದ ಊರಿನ ಹುಡುಗನಿಗೆ ಅದೊಂದೇ ಬಾಗಿಲಾಗಿರಬಹುದು. ಬಾಗಿಲನ್ನು ಮುಚ್ಚುವ ಅಧಿಕಾರ ನಮಗಿಲ್ಲ. ನಾವು ಹೇಳಬಹುದಾದುದು ಇಷ್ಟು: ಹಾಳೆಯನ್ನು ನೋಡುವ ಮೊದಲು ಹಾಡನ್ನು ಕೇಳು, ಬೇಸಿನ ಎಳೆಯೊಂದನ್ನೇ ಬಿಡಿಸಿ ಬಾಯಲ್ಲಿ ಗುನುಗು, ಕೈಯಲ್ಲಿ ತಾಳ ಹಾಕು, ಆಮೇಲೆ ಅಂಕಿಗಳನ್ನು ನೋಡಿ ನುಡಿಸು, ಕಡೆಗೆ ಹಾಳೆಯನ್ನು ಮಗುಚಿಟ್ಟು ನುಡಿಸು. ಎಂದು ಹಾಳೆಯ ಒಂದು ಅಂಕಿ ತಪ್ಪಾಗಿದೆಯೆಂದು ಅವನ ಕಿವಿಯೇ ಅವನಿಗೆ ಹೇಳುವುದೋ ಅಂದು ಎರವಲು ತೀರಿತು. ಪಾಠವೊಪ್ಪಿಸುವ ಮಕ್ಕಳೆದುರು ದಿನವೂ ನಿಲ್ಲುವ ಅಧ್ಯಾಪಕರಾದ ನಾವು ಕಾಯಬೇಕಾದುದೂ ಅಂಥ ದಿನವನ್ನೇ.