ಪಾಲೋ, ಬಾಡಿಗೆಯೋ?

೨೦೨೩ನೆಯ ಇಸವಿ ಫೆಬ್ರವರಿ ೨೭ರಂದು ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣವು ಉದ್ಘಾಟಿತವಾದುದು ವಾಚಕರಿಗೆ ತಿಳಿದೇ ಇದೆ. ಅಂದಿನಿಂದ ಹೊನ್ನಾಳಿ, ನ್ಯಾಮತಿ, ಚನ್ನಗಿರಿಯ ಸೀಮೆಯವರಿಗೆ ವಿಮಾನವೆಂಬುದು ಪುರಾಣದ ಪುಷ್ಪಕವಾಗಿ ಉಳಿದಿಲ್ಲ. ಅಡಿಕೆಯ ತೋಟದಲ್ಲಿ ನಿಂತ ಆಳೂ ತಲೆಯೆತ್ತಿ ನೋಡಿ, ಇದು ಬೆಂಗಳೂರಿನದೆಂದು ಹೇಳುವಷ್ಟು ಬಳಕೆಯ ವಸ್ತುವಾಗಿದೆ. ಈಚೆಗೆ ನನ್ನ ಹಳೆಯ ಶಿಷ್ಯನೊಬ್ಬನು ತನ್ನ ಮಗನನ್ನು ಕರೆದುಕೊಂಡು ಮನೆಗೆ ಬಂದಿದ್ದನು. ಹುಡುಗನಿಗೆ ಜಕ್ಕೂರಿನ ಸರ್ಕಾರಿ ವೈಮಾನಿಕ ಶಾಲೆಯನ್ನು ಸೇರಬೇಕೆಂಬ ಹಂಬಲ. ತಂದೆಗೆ ವೆಚ್ಚದ ಚಿಂತೆ. ಮಾತಿನ ನಡುವೆ ಹುಡುಗನು ನನ್ನನ್ನು ಕೇಳಿದನು: “ತಾತ, ಚಿಕ್ಕ ವಿಮಾನದಲ್ಲಿ ನಾಲ್ಕು ಆಸನ. ನಾನೊಬ್ಬನೇ ಹಾರಿದರೆ ಮೂರು ಖಾಲಿ. ಆ ದಿಕ್ಕಿಗೇ ಹೋಗುವವರು ಮೂವರು ಇಂಧನದ ಪಾಲು ಕೊಟ್ಟು ಕುಳಿತರೆ ಯಾರಿಗೆ ಏನು ನಷ್ಟ? ಕಾಯಿದೆ ಯಾಕೆ ಅಡ್ಡ ಬರುತ್ತೆ?”

ಪ್ರಶ್ನೆ ಸಣ್ಣದಲ್ಲ. ಆಗ ನಾನು ಸರಿಯಾಗಿ ಉತ್ತರ ಹೇಳಲಿಲ್ಲ. ಈ ಲೇಖನವೇ ಆ ಉತ್ತರ.

ಮೊದಲು ಕಾಯಿದೆಯನ್ನು ನೋಡೋಣ. ನಮ್ಮ ದೇಶದಲ್ಲಿ ವಿಮಾನ ನಡೆಸುವವರಿಗೆ ಕೊಡತಕ್ಕ ಲೈಸೆನ್ಸುಗಳಲ್ಲಿ ಖಾಸಗಿ, ವಾಣಿಜ್ಯ ಎಂದು ಮುಖ್ಯವಾಗಿ ಎರಡು ಬಗೆ. ಖಾಸಗಿ ಲೈಸೆನ್ಸಿಗೆ ೧೭ ವರ್ಷ ತುಂಬಿರಬೇಕು. ಕಡಮೆಯ ಪಕ್ಷ ೪೦ ಗಂಟೆ ಹಾರಿರಬೇಕು. ವಾಣಿಜ್ಯ ಲೈಸೆನ್ಸಿಗೆ ೧೮ ವರ್ಷ, ೨೦೦ ಗಂಟೆ. ಖಾಸಗಿ ಲೈಸೆನ್ಸುಳ್ಳವನು ಪ್ರತಿಫಲ ಪಡೆದು ವಿಮಾನ ನಡೆಸಕೂಡದೆಂದು ೧೯೩೭ರ ನಿಯಮಗಳು ವಿಧಿಸಿದುವು. ೧೯೩೪ರ ಕಾಯಿದೆಯ ಸ್ಥಾನದಲ್ಲಿ ೨೦೨೪ರ ಭಾರತೀಯ ವಾಯುಯಾನ ಅಧಿನಿಯಮವು ೨೦೨೫ರ ಜನವರಿ ೧ರಿಂದ ಜಾರಿಗೆ ಬಂದಿದ್ದರೂ ಈ ಭೇದವು ಅಳಿದಿಲ್ಲ. ಅಮೇರಿಕದಲ್ಲಿ ಇಂಧನ, ಎಣ್ಣೆ, ನಿಲ್ದಾಣದ ವೆಚ್ಚ, ವಿಮಾನದ ಬಾಡಿಗೆ ಇಷ್ಟನ್ನು ಜೊತೆಗಾರರೊಡನೆ ಹಂಚಿಕೊಳ್ಳಲು ಅವಕಾಶ ಉಂಟು. ಆದರೆ ಚಾಲಕನು ತನ್ನ ಸಮಪಾಲಿಗಿಂತ ಕಡಮೆ ಕೊಡಕೂಡದು, ಸಾರ್ವಜನಿಕರನ್ನು ಕೂಗಿ ಕರೆಯಲೂ ಕೂಡದು. ಫ್ಲೈಟ್‌ನೌ ಎಂಬ ಸಂಸ್ಥೆಯು ಚಾಲಕರನ್ನೂ ಅಪರಿಚಿತ ಪ್ರಯಾಣಿಕರನ್ನೂ ಅಂತರ್ಜಾಲದಲ್ಲಿ ಕೂಡಿಸಲು ಹೊರಟಾಗ, ಅಲ್ಲಿಯ ವಿಮಾನಾಡಳಿತವು ಒಪ್ಪಲಿಲ್ಲ. ೨೦೧೫ರಲ್ಲಿ ಮೇಲ್ಮನವಿಯ ನ್ಯಾಯಾಲಯವೂ ಆಡಳಿತದ ಮಾತನ್ನೇ ಎತ್ತಿಹಿಡಿಯಿತು. ಯೂರೋಪಿನಲ್ಲಾದರೋ, ಚಾಲಕನೂ ಸೇರಿದಂತೆ ಆರು ಜನರವರೆಗೆ ನೇರವಾದ ವೆಚ್ಚವನ್ನು ಹಂಚಿಕೊಳ್ಳಬಹುದು. ಬಲ್ಲ ದೇಶಗಳೇ ಹೀಗೆ ಭಿನ್ನಮತದವಾದ ಮೇಲೆ, ಕಾಯಿದೆಯೊಂದರಿಂದಲೇ ಧರ್ಮನಿರ್ಣಯವಾಗುವುದಿಲ್ಲ, ನಾವೇ ಯೋಚಿಸಬೇಕಾಗಿದೆ.

ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಹೇಳುವುದು ನ್ಯಾಯ. ಖಾಲಿ ಆಸನವು ವ್ಯರ್ಥ. ವ್ಯರ್ಥವಾಗುವುದನ್ನು ನಾಲ್ವರಿಗೆ ಉಪಯೋಗಪಡಿಸುವುದು ದೋಷವಲ್ಲ, ಗುಣ. ಚಾಲಕನಿಗೆ ಲಾಭವಿಲ್ಲ, ಆತನೂ ತನ್ನ ಪಾಲನ್ನು ತೆರುತ್ತಾನೆ. ಪಾಲು ಕೂಡದೆಂದರೆ ಆಕಾಶವು ಧನಿಕರ ಸೊತ್ತಾಗುತ್ತದೆ. ಬಡವರ ಮಗನು ಕಲಿತ ವಿದ್ಯೆಯು ಅಭ್ಯಾಸವಿಲ್ಲದೆ ತುಕ್ಕು ಹಿಡಿಯುತ್ತದೆ. ಹಿಂದೆ ನಮ್ಮ ಹಳ್ಳಿಗಳಿಂದ ಜಾತ್ರೆಗೆ ಹೋಗುವಾಗ ಒಬ್ಬನ ಗಾಡಿ, ಇನ್ನೊಬ್ಬನ ಎತ್ತು, ಮತ್ತೊಬ್ಬನ ಮನೆಯ ಬುತ್ತಿ ಸೇರಿಯೇ ಪ್ರಯಾಣ ಸಾಗುತ್ತಿತ್ತಲ್ಲವೆ? ಅದನ್ನು ವ್ಯಾಪಾರವೆಂದು ಯಾರಾದರೂ ಕರೆದರೆ?

ಇದಕ್ಕೆ ಉತ್ತರ ಹೇಳುವ ಮೊದಲು ಹೊಳೆಯ ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಹೊನ್ನಾಳಿಯ ಬಳಿ ತುಂಗಭದ್ರೆಯು ಶ್ರಾವಣದಲ್ಲಿ ಕೆಂಪಾಗಿ ಹರಿಯುವುದನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ಹರಿಗೋಲಿನವನು ತನ್ನ ಅಣ್ಣತಮ್ಮಂದಿರೊಡನೆ ದಡದಲ್ಲಿ ನಿಂತಿದ್ದರೆ, ನೀರನ್ನು ನೋಡಿ “ಇವತ್ತು ಬೇಡ, ನಾಳೆ ನೋಡೋಣ” ಎನ್ನಬಲ್ಲನು. ಅಪರಿಚಿತರಿಂದ ಮುಂಗಡವಾಗಿ ಕಾಸು ಎಣಿಸಿಕೊಂಡಿದ್ದರೆ ಆ ಮಾತು ಅವನ ಗಂಟಲಲ್ಲಿಯೇ ನಿಲ್ಲುತ್ತದೆ. ಕಾಸು ಕೊಟ್ಟವನಿಗೆ ಆಚೆಯ ದಡದಲ್ಲಿ ಕೆಲಸವಿದೆ, ಅವನು ಅವಸರಪಡಿಸುತ್ತಾನೆ. ಹಣವು ಅಂಬಿಗನ ಶ್ರಮವನ್ನು ಮಾತ್ರ ಕೊಳ್ಳುವುದಿಲ್ಲ. ಹಿಂದಿರುಗುವ ಅವನ ಸ್ವಾತಂತ್ರ್ಯವನ್ನೂ ಕೊಂಡುಬಿಡುತ್ತದೆ. ಮೋಡದ ಮುಂದೆ ಚಾಲಕನ ಸ್ಥಿತಿಯೂ ಇದೇ. ವೃತ್ತಿಯ ಚಾಲಕನಿಗೆ ಬೇಡವೆನ್ನಲು ನಿಯಮದ ಬಲವುಂಟು, ಸಂಸ್ಥೆಯ ಬಲವುಂಟು. ಒಂಟಿ ಖಾಸಗಿ ಚಾಲಕನಿಗೆ ಅವನ ಮನಸ್ಸೊಂದೇ ಬಲ.

ಪಾಲೂ ಅಲ್ಲದೆ ಪೂರ್ಣ ಬಾಡಿಗೆಯೇ ಖಾಸಗಿಯೆಂಬ ಮುಸುಕನ್ನು ಹೊದ್ದರೆ ಏನಾಗುವುದೆಂಬುದನ್ನು ೨೦೧೯ರ ಜನವರಿ ೨೧ರ ರಾತ್ರಿ ಜಗತ್ತು ಕಂಡಿತು. ಕಾಲ್ಚೆಂಡಿನ ಆಟಗಾರ ಎಮಿಲಿಯಾನೊ ಸಾಲಾನು ಫ್ರಾನ್ಸಿನ ನಾಂಟ್‌ನಿಂದ ಕಾರ್ಡಿಫ್‌ಗೆ ಹೊರಟ ಚಿಕ್ಕ ವಿಮಾನವು ಕಡಲಿಗೆ ಬಿದ್ದು, ಅವನೂ ಚಾಲಕನೂ ಮಡಿದರು. ಚಾಲಕನಿಗೆ ಹಣಕ್ಕಾಗಿ ಪ್ರಯಾಣಿಕರನ್ನು ಒಯ್ಯುವ ಅಧಿಕಾರವಿರಲಿಲ್ಲ. ರಾತ್ರಿ ಹಾರಾಟದ ಅರ್ಹತೆಯೂ ಇರಲಿಲ್ಲ. ಪ್ರಯಾಣವನ್ನು ಏರ್ಪಡಿಸಿದವನಿಗೆ ೨೦೨೧ರಲ್ಲಿ ೧೮ ತಿಂಗಳ ಸೆರೆಯಾಯಿತು. ವಿಮಾನವನ್ನು ಹತ್ತುವಾಗ, ನಿಮ್ಮ ಲೈಸೆನ್ಸು ಯಾವುದು ಎಂದು ಕೇಳುವ ಪ್ರಯಾಣಿಕರು ನಮ್ಮಲ್ಲಿ ಎಷ್ಟು ಜನ?

ಅದಂತಿರಲಿ. ಪರದೇಶದ ಕಥೆಯನ್ನು ಹೇಳಿ ನನ್ನದನ್ನು ಮುಚ್ಚಿಡುವುದು ಸಲ್ಲದು. ಕೆಲವು ವರ್ಷಗಳ ಹಿಂದೆ ಜಗಳೂರಿನ ಕಡೆ ಒಂದು ಮದುವೆಗೆ ಚನ್ನಗಿರಿಯಿಂದ ಮಿತ್ರರೊಬ್ಬರ ಸ್ವಂತ ಕಾರಿನಲ್ಲಿ ಹೊರಟೆವು. ಪೆಟ್ರೋಲಿನ ಲೆಕ್ಕವನ್ನು ಬರೆದು ಪಾಲು ಎತ್ತಿದವನು ನಾನು. ಒಂದು ಆಸನ ಖಾಲಿಯಿತ್ತು. ಬಸ್ಸಿಗಾಗಿ ಕಾಯುತ್ತಿದ್ದ ಒಬ್ಬ ಕೂಲಿಯವನನ್ನು ಕರೆದು ಕೂರಿಸಿದವನೂ ನಾನೇ; ಬಸ್ಸಿನ ದರವನ್ನು ಕೊಡೆಂದೆ, ಅವನು ಸಂತೋಷದಿಂದ ಕೊಟ್ಟನು. ದಾರಿಯಲ್ಲಿ ಚಕ್ರ ಒಡೆದು ಕಾರು ಹಳ್ಳಕ್ಕೆ ಇಳಿಯಿತು. ನಮಗೆ ತರಚಿದ ಗಾಯ. ಅವನಿಗೆ ಬಲಗೈ ಮುರಿಯಿತು. ವಿಮೆಯ ಕಡೆಯವರು ವಿಚಾರಣೆಗೆ ಬಂದರು. ಸ್ವಂತದ ಕಾರನ್ನು ಬಾಡಿಗೆಗೆ ಬಳಸಿದರೆ ವಿಮೆ ಸಲ್ಲದಷ್ಟೆ. “ಇವರು ಯಾರು?” ಎಂದು ಕೇಳಿದರು. ಮಿತ್ರರು ನನ್ನ ಮುಖವನ್ನು ನೋಡಿದರು. ಮೂವತ್ತು ವರ್ಷ ಮಕ್ಕಳಿಗೆ ಸತ್ಯವನ್ನು ಬೋಧಿಸಿದ ನಾನು, “ನಮ್ಮ ನೆಂಟರು” ಎಂದೆ.

ಆ ಸುಳ್ಳು ನನ್ನನ್ನು ಬಹುಕಾಲ ಬಾಧಿಸಿತು; ಆದರೆ ಧರ್ಮದ ಗೆರೆಯನ್ನು ತೋರಿಸಿಕೊಟ್ಟುದೂ ಅದೇ. ಹಣ ಕೊಡಲಿಲ್ಲವೆಂದು ನಾನು ಹೇಳಲಿಲ್ಲ, ನೆಂಟನೆಂದೆ. ಎಂದರೆ, ಎಷ್ಟು ಕೊಟ್ಟನೆಂಬುದಕ್ಕಿಂತ ಅವನು ನಮಗೆ ಯಾರೆಂಬುದೇ ಮುಖ್ಯವೆಂದು ನನ್ನ ಅಂತರಂಗಕ್ಕೆ ಗೊತ್ತಿತ್ತು. ಮಿತ್ರರು ಕಾರನ್ನು ಹೇಗೆ ನಡೆಸುವರು, ಚಕ್ರ ಎಷ್ಟು ಸವೆದಿದೆ ಎಂಬುದು ನಮಗೆ ತಿಳಿದಿತ್ತು, ತಿಳಿದು ಕುಳಿತಿದ್ದೆವು. ಅವನಿಗೆ ತಿಳಿದಿರಲಿಲ್ಲ. ಅವನು ನನ್ನ ಬಿಳಿಯ ಪಂಚೆಯನ್ನು ನಂಬಿ ಹತ್ತಿದನು.

ನಮ್ಮ ಧರ್ಮಶಾಸ್ತ್ರಕಾರರು ‘ಸಂಭೂಯಸಮುತ್ಥಾನ’ವೆಂಬ ಒಂದು ವ್ಯವಹಾರಪದವನ್ನು ಹೇಳಿದ್ದಾರೆ, ಹಲವರು ಕೂಡಿ ಮಾಡುವ ಕೆಲಸವೆಂದು ಅರ್ಥ. ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದುದು ಯಾವ ಗ್ರಂಥದ ಮೇಲೋ ಆ ಯಾಜ್ಞವಲ್ಕ್ಯ ಸ್ಮೃತಿಯ ಪ್ರಕಾರ, ಕೂಡಿದವರಿಗೆ ಲಾಭದಲ್ಲಿ ಹೇಗೆ ಪಾಲೋ ನಷ್ಟದಲ್ಲಿಯೂ ಹಾಗೆಯೇ ಪಾಲು. ಪಾಲುಗಾರನ ಲಕ್ಷಣ ಇದು. ಇನ್ನು ಅಪರಿಚಿತರನ್ನು ದಾಟಿಸುವವನ ಧರ್ಮವೇ ಬೇರೆ. ನಾವಿಕರ ತಪ್ಪಿನಿಂದ ಹಾಳಾದುದನ್ನು ನಾವಿಕರೇ ಕೂಡಿ ತುಂಬಿಕೊಡತಕ್ಕದ್ದೆಂದೂ, ದೈವಿಕವಾದ ಆಪತ್ತಿಗೆ ದಂಡವಿಲ್ಲವೆಂದೂ ಮನುವು ವಿಧಿಸಿದ್ದಾನೆ. ಕೌಟಿಲ್ಯನು ಇನ್ನೂ ಮುಂದೆ ಹೋಗುತ್ತಾನೆ: ಜನವಿಲ್ಲದ, ಉಪಕರಣವಿಲ್ಲದ, ದುರಸ್ತಿ ಕಾಣದ ನಾವೆಯು ಮುಳುಗಿದರೆ ನಷ್ಟವನ್ನು ನಾವಧ್ಯಕ್ಷನೇ, ಎಂದರೆ ರಾಜನ ಅಧಿಕಾರಿಯೇ, ತುಂಬಿಕೊಡಬೇಕು. ಅಪರಿಚಿತನ ನಂಬಿಕೆಗೆ ಅಲ್ಲಿ ರಾಜ್ಯವೇ ಜಾಮೀನು.

ಆದುದರಿಂದ ನನಗೆ ತೋರುವ ಸಿದ್ಧಾಂತವಿಷ್ಟು. ಒಂದೇ ಉದ್ದೇಶಕ್ಕೆ ಹೋಗುವವರು, ಒಬ್ಬರನ್ನೊಬ್ಬರು ಬಲ್ಲವರು, ಅಪಾಯವನ್ನೂ ತಿಳಿದು ಒಪ್ಪಿದವರು ವೆಚ್ಚವನ್ನು ಹಂಚಿಕೊಂಡರೆ ಅದು ಪಾಲು. ನಮ್ಮ ನಿಯಮವು ಇದಕ್ಕೆ ಸ್ಪಷ್ಟವಾದ ದಾರಿಯನ್ನು ಮಾಡಿಕೊಟ್ಟರೆ ಒಳ್ಳೆಯದೇ. ಬೀದಿಯಲ್ಲಿಯಾಗಲಿ ಅಂತರ್ಜಾಲದಲ್ಲಿಯಾಗಲಿ ಅರಿಯದವರನ್ನು ಕರೆದು ಕೂರಿಸಿದರೆ, ಒಂದು ಕಾಸೂ ಲಾಭವಿಲ್ಲದಿದ್ದರೂ ಅದು ಬಾಡಿಗೆಯೇ. ಅಲ್ಲಿ ಇನ್ನೂರು ಗಂಟೆಯ ಅಭ್ಯಾಸ, ವೈದ್ಯಪರೀಕ್ಷೆ, ಯಂತ್ರಪರೀಕ್ಷೆಗಳನ್ನು ಸರ್ಕಾರವು ಕೇಳುವುದು ದಬ್ಬಾಳಿಕೆಯಲ್ಲ. ಪ್ರಶ್ನೆ ಕೇಳಲಾರದವನ ಪರವಾಗಿ ಅದು ಕೇಳುತ್ತಿದೆ.

ಆ ಕೂಲಿಯವನ ಮನೆಯನ್ನು ಹುಡುಕಿಕೊಂಡು ಕೆಲವು ತಿಂಗಳ ಮೇಲೆ ಹೋದೆ. ಆ ಸಲದ ಅಡಿಕೆ ಸುಲಿತವೆಲ್ಲ ಅವನ ಕೈತಪ್ಪಿ ಹೋಗಿತ್ತು. ಹೋದ ಕೂಲಿಯ ಲೆಕ್ಕವನ್ನು ಕೇಳಿ, ನನ್ನ ಪಾಲೆಂದು ತೋರಿದುದನ್ನು ಕೊಟ್ಟೆ. “ನೀವ್ಯಾಕೆ ಕೊಡ್ತೀರಿ ಮೇಷ್ಟ್ರೇ, ಗಾಡಿ ನಿಮ್ಮದಲ್ಲವಲ್ಲ” ಎಂದನು. ಕರೆದವನು ನಾನಲ್ಲವೆ ಎಂದೆ. ವಿಮೆಯವರ ಮುಂದೆ ಆಡಿದ ಮಾತು ಮಾತ್ರ ಇಂದಿಗೂ ಹಾಗೆಯೇ ಉಳಿದಿದೆ, ಅದಕ್ಕೆ ಪಾಲುಗಾರರಿಲ್ಲ.

ಹುಡುಗನು ಜಕ್ಕೂರಿಗೆ ಹೋಗಲಿ, ಚೆನ್ನಾಗಿ ಕಲಿಯಲಿ. ಖಾಲಿ ಆಸನಕ್ಕೆ ಯಾರನ್ನಾದರೂ ಕರೆಯುವ ಮುನ್ನ, ಕೆಟ್ಟ ಗಳಿಗೆಯಲ್ಲಿ ಅವರನ್ನು ಸುಳ್ಳಿಲ್ಲದೆ ತನ್ನವರೆಂದು ಹೇಳಬಲ್ಲೆನೇ ಎಂದು ತನ್ನನ್ನು ತಾನು ಕೇಳಿಕೊಳ್ಳಲಿ. ಹೇಳಬಲ್ಲನಾದರೆ ಕೂರಿಸಿಕೊಳ್ಳಲಿ, ಇಲ್ಲವಾದರೆ ಆ ಆಸನವು ಖಾಲಿಯಾಗಿಯೇ ಹಾರಲಿ.